ಹಕ್ಕಿಯಿಲ್ಲದ ಕಾರ್ಡು

ಮೊನ್ನೆ ಸಕ್ಕರೆ ಪರೀಕ್ಷೆಗೆಂದು ತುಮಕೂರಿನ ನಮ್ಮ ಬೀದಿಯ ಲ್ಯಾಬಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ನನ್ನ ತೋಳು ಚಾಚಿಸಿ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮೊಣಕೈಯ ಒಳಮಡಿಕೆಯಲ್ಲಿ ಒರೆಸಿದಳು. ಮೂಗಿಗೆ ತಣ್ಣಗೆ ಚುಚ್ಚುವ ಆ ವಾಸನೆ ಬಂದದ್ದೇ ತಡ, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ‘ಸೂಜಿ ಅಂದ್ರೆ ಭಯಾನಾ ಆಂಟಿ?’ ಎಂದು ಅವಳು ನಕ್ಕಳು. ಸೂಜಿಯ ಭಯವಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಶಿಕಾರಿಪುರದಲ್ಲಿ ಕಳೆದ ಒಂದು ಮಳೆಗಾಲ ಒಮ್ಮೆಲೇ ನನ್ನೆದುರು ಬಂದು ನಿಂತಿತ್ತು.

ಆ ವರ್ಷ ನಾನು ಅಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪೇಟೆಯೊಳಗೆ ಶಾಹೀನಾಳ ಮನೆಯ ಮಹಡಿಯ ಮೇಲೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಶಾಹೀನಾ ಸೊರಬದ ಹುಡುಗಿ, ಮದುವೆಯಾಗಿ ಶಿಕಾರಿಪುರಕ್ಕೆ ಬಂದವಳು. ಗಂಡ ರಫೀಕನಿಗೆ ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಅಂಗಡಿ. ತೀರಿಹೋದ ಮಾವ ಕಚೇರಿಗಳಿಗೆ ರಬ್ಬರಿನ ಮೊಹರು ಕೆತ್ತುತ್ತಿದ್ದರಂತೆ. ಅವರ ಸಣ್ಣ ಸಣ್ಣ ಚಾಕುಗಳು ಡಬ್ಬಿಯೊಂದರಲ್ಲಿ ಹಾಗೇ ಇದ್ದವು. ಎರಡನೆಯ ಸಲವೂ ಬಸಿರು ನಿಲ್ಲದೆ ಹೋದಾಗ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಶಾಹೀನಾ ಆ ಡಬ್ಬಿ ತೆರೆದಿದ್ದಳು. ರಬ್ಬರಿನ ತುಂಡಿನ ಮೇಲೆ ಮೊದಲು ಮಲ್ಲಿಗೆ ಮೊಗ್ಗು, ಆಮೇಲೆ ಮಾವಿನೆಲೆ, ಆಮೇಲೆ ‘ಶುಭಾಶಯ’ ಎಂಬ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿದಳು. ಅವುಗಳನ್ನು ಶಾಯಿಯ ಪ್ಯಾಡಿಗೆ ಒತ್ತಿ ದಪ್ಪ ಕಾಗದದ ಮೇಲೆ ಮೂಡಿಸಿ, ಮಡಿಚಿ, ಹುಟ್ಟುಹಬ್ಬದ ಕಾರ್ಡು ಮಾಡಿದಳು. ಅದನ್ನು ನೋಡಿ ರಫೀಕ್ ಹುಬ್ಬಳ್ಳಿಯಿಂದ ಒಂದು ಪುಟ್ಟ ಯಂತ್ರ ತಂದುಕೊಟ್ಟ. ಎರಡು ಉರುಳೆ, ಪಕ್ಕದಲ್ಲೊಂದು ಹಿಡಿಕೆ, ಅಷ್ಟೇ. ಹೂವು, ಎಲೆ, ಹಕ್ಕಿಯ ಆಕಾರದಲ್ಲಿ ಬಾಗಿಸಿದ ಹರಿತ ಅಂಚಿನ ಉಕ್ಕಿನ ಪಟ್ಟಿಗಳೂ ಅದರ ಜೊತೆ ಬಂದವು. ಅವಕ್ಕೆ ಡೈ ಎನ್ನುತ್ತಾರೆ. ಕಾಗದದ ಮೇಲೆ ಡೈ ಇಟ್ಟು, ಎರಡು ಹಲಗೆಗಳ ನಡುವೆ ಸೇರಿಸಿ, ಹಿಡಿಕೆ ತಿರುಗಿಸಿದರೆ ಕರ್‌ ಎಂದು ಸದ್ದಾಗಿ ಆ ಕಡೆಯಿಂದ ಕತ್ತರಿಸಿದ ಹಕ್ಕಿ ಬರುತ್ತದೆ. ಹಕ್ಕಿ ಹೋದ ಜಾಗದಲ್ಲಿ ಕಾಗದಕ್ಕೆ ಹಕ್ಕಿಯಾಕಾರದ ತೂತು ಬೀಳುತ್ತದೆ. ಹಕ್ಕಿಯನ್ನು ಕಾರ್ಡಿಗೆ ಅಂಟಿಸಬೇಕು, ತೂತಿನ ಕಾಗದವನ್ನು ಬಾಗಿಲ ಪಕ್ಕದ ಚೀಲಕ್ಕೆ ಹಾಕಬೇಕು.

ಕಾಲೇಜು ಮುಗಿಸಿ ಬಂದರೆ ನನಗೂ ಬೇರೆ ಕೆಲಸವಿರಲಿಲ್ಲ. ಅವಳ ಪಕ್ಕ ಕೂತು ಹಿಡಿಕೆ ತಿರುಗಿಸುವುದು ಅಭ್ಯಾಸವಾಯಿತು. ಆ ಮಳೆಗಾಲದಲ್ಲಿ ಮಳೆಗಿಂತ ಮೋಡವೇ ಹೆಚ್ಚು. ದಿನಗಟ್ಟಲೆ ಬೂದಿ ಬಣ್ಣದ ಬೆಳಕು. ಥಂಡಿಗೆ ಕಾಗದ ಮೆತ್ತಗಾಗಿ ಡೈ ಸರಿಯಾಗಿ ಕಚ್ಚುತ್ತಿರಲಿಲ್ಲ. ಶಾಹೀನಾ ಒಂದೊಂದೇ ಹಾಳೆಗೆ ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಬಿಸಿ ಕಾಗದವನ್ನು ನಾನು ಯಂತ್ರಕ್ಕೆ ಒಡ್ಡುತ್ತಿದ್ದೆ. ಒಮ್ಮೆ ಹಕ್ಕಿಯ ಡೈ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಕೊಕ್ಕಿನ ಹತ್ತಿರ ಸೊಟ್ಟಗಾಯಿತು. ಅಲ್ಲಿಂದಾಚೆ ನಮ್ಮ ಹಕ್ಕಿಗಳಿಗೆಲ್ಲ ಏನನ್ನೋ ಕೇಳಿಸಿಕೊಳ್ಳುವ ಹಾಗೆ ಬಗ್ಗಿದ ಕೊಕ್ಕು. ‘ಚಂದಾನೇ ಇದೆ ಬಿಡಿ ಸವಿತಕ್ಕ’ ಎಂದಳು ಶಾಹೀನಾ.

ನಮ್ಮ ಜೊತೆ ಕೂರುತ್ತಿದ್ದ ಇನ್ನೊಬ್ಬಳು ವಸಂತಕ್ಕ. ಅಂಬ್ಲಿಗೊಳದ ಕಡೆಯವಳು. ಆನವಟ್ಟಿಯಲ್ಲಿ ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿದ್ದಳು. ಶಿಕಾರಿಪುರದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಆನವಟ್ಟಿಯಲ್ಲೋ ಸೊರಬದಲ್ಲೋ ಜನರ ರಕ್ತ ತೆಗೆದು, ಸೀಸೆಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದಳು. ಲ್ಯಾಬಿನ ಕೆಲಸ ಮುಗಿದ ಮೇಲೆ ವಾಪಸು ಬಸ್ಸಿಗೆ ಹೊತ್ತಿರುತ್ತಿತ್ತು. ರಫೀಕನ ತಾಯಿಗೆ ಸಕ್ಕರೆ ಕಾಯಿಲೆ. ಅವರ ರಕ್ತ ತೆಗೆಯಲು ಬಂದವಳು ಹಾಗೇ ನಮ್ಮ ಮೇಜಿನ ಪಕ್ಕ ಕೂರತೊಡಗಿದ್ದಳು. ಕಡಿಮೆ ಮಾತಿನ ಹೆಂಗಸು. ಅವಳ ಕೈಗಳು ಮಾತ್ರ ಬಲು ಹಗುರ. ಅವಳು ಅಂಟಿಸಿದ ಹಕ್ಕಿಯ ಅಂಚಿನಲ್ಲಿ ಗೋಂದು ಒಂದಿಷ್ಟೂ ಇಣುಕುತ್ತಿರಲಿಲ್ಲ. ಮುಂಗೈಯಲ್ಲಿ ಆಗಾಗ ನೀಲಿ ಕಲೆ ಕಾಣುತ್ತಿತ್ತು. ಕೇಳಿದರೆ, ‘ಪೆಟ್ಟಿಗೆ ಹೊತ್ತು ಹೊತ್ತು ಹಿಂಗಾಗಿದೆ’ ಎನ್ನುತ್ತಿದ್ದಳು.

ಶುರುವಾದದ್ದು ಒಂದು ಸಂತೋಷದ ಸುದ್ದಿಯಿಂದ. ಹಿಂದಿನ ಬೀದಿಯ ಗಿರಿಜಮ್ಮ ಎಂಬಾಕೆ ಪೇಡೆ ಹಿಡಿದು ಬಂದಳು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದ ಹೆಂಗಸು.

‘ನೀವು ಕಾರ್ಡ್ ಹಾಕಿದ್ರಲ್ರೀ, ನಿಮಗ ಹೆಂಗ ಗೊತ್ತಾತು?’ ಎಂದಳು. ‘ನನಗ ಆಮೇಲೆ ಗೊತ್ತಾತು ನೋಡ್ರಿ! ಕಾರ್ಡ್ ಬಂದ ಮಾರನೇ ದಿನ ಡಾಕ್ಟ್ರು ಹೇಳಿದ್ರು, ಎರಡು ತಿಂಗಳು ಅಂತ.’

ಅವಳ ಕೈಯಲ್ಲಿದ್ದ ಬಿಳಿ ಕಾರ್ಡಿನ ಮೇಲೆ ಒಂದೇ ಒಂದು ಹಕ್ಕಿ. ಬಗ್ಗಿದ ಕೊಕ್ಕು. ಒಳಗೆ ಒಂದಕ್ಷರವಿಲ್ಲ, ಹೆಸರಿಲ್ಲ. ನಮ್ಮ ಕಾರ್ಡುಗಳಲ್ಲಿ ಒಳಗೆ ಶುಭಾಶಯದ ಮೊಹರು ಇದ್ದೇ ಇರುತ್ತಿತ್ತು. ಇಂಥ ಬೋಳು ಕಾರ್ಡನ್ನು ನಾವು ಯಾರಿಗೂ ಮಾರಿರಲಿಲ್ಲ. ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡು ಪೇಡೆ ತಿಂದೆವು. ಆಗ ಶಾಹೀನಾಳಿಗೂ ಮೂರು ತಿಂಗಳು. ಅವಳು ಆ ಕಾರ್ಡನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಸ್ವಲ್ಪ ದಿನಕ್ಕೆ ಅಂಥದ್ದೇ ಹಕ್ಕಿ ಸೊರಬದಲ್ಲಿ, ಶಾಹೀನಾಳ ತವರಿನ ಪಕ್ಕದ ಮನೆಯ ಹುಡುಗನಿಗೆ ಬಂತು. ಜ್ವರ ಬಿಡದೆ ನೆಲ ಹಿಡಿದಿದ್ದವನು ಹುಷಾರಾದ. ಶಾಹೀನಾಳ ತಾಯಿ ಫೋನಿನಲ್ಲಿ, ‘ನಿನ್ನ ಕಾರ್ಡಿಗೆ ಬರ್ಕತ್ತು ಇದೆ ಕಣೇ’ ಎಂದರು. ಆನವಟ್ಟಿಯ ಫ್ಯಾನ್ಸಿ ಅಂಗಡಿಯವನು ಹಕ್ಕಿಯ ಕಾರ್ಡೇ ಬೇಕೆಂದು ಹೇಳಿ ಕಳಿಸಿದ. ನಾವು ಖುಷಿಯಿಂದ ಹಿಡಿಕೆ ತಿರುಗಿಸಿದೆವು.

ಆಮೇಲೆ ಕಿರಾಣಿ ಅಂಗಡಿಯ ಮಾದೇವಪ್ಪನವರಿಗೆ ಒಂದು ಬಂತು. ಬೆಳಿಗ್ಗೆ ಷಟರ್ ಎತ್ತುವಾಗ ಕಾಲಿಗೆ ಸಿಕ್ಕಿತಂತೆ. ಸಕ್ಕರೆ ತರಲು ಹೋದ ನನಗೆ ಅವರೇ ನಗುತ್ತ ತೋರಿಸಿದರು. ‘ಏನ್ ಮೇಡಂ, ನಮಗ ಹಕ್ಕಿನೇ ಅಂಟಿಸಿಲ್ಲಲ್ರೀ? ಮರ್ತ್ರೇನು?’ ನಿಜವಾಗಿಯೂ ಅದರಲ್ಲಿ ಹಕ್ಕಿ ಇರಲಿಲ್ಲ. ಹಕ್ಕಿಯ ತೂತು ಮಾತ್ರ ಇತ್ತು. ಅವರು ಕಾರ್ಡನ್ನು ಎತ್ತಿ ಹಿಡಿದಿದ್ದರು. ತೂತಿನೊಳಗಿಂದ ಅವರ ಕೆನ್ನೆಯ ಒಂದು ತುಂಡು ನನಗೆ ಕಾಣುತ್ತಿತ್ತು. ವಾರ ಕಳೆಯುವುದರೊಳಗೆ ಅವರನ್ನು ಶಿವಮೊಗ್ಗಕ್ಕೆ ಒಯ್ದರು. ಹೊಟ್ಟೆಯೊಳಗೆ ಕೈಮೀರಿದ ಗಡ್ಡೆ. ದೀಪಾವಳಿಗೆ ಅವರಿರಲಿಲ್ಲ.

ಆನವಟ್ಟಿ ಸಂತೆಯ ಹತ್ತಿರದ ದರ್ಜಿಯೊಬ್ಬನ ಹೆಂಡತಿಗೂ ಅಂಥದ್ದೇ ಬಂತು. ಸೊರಬದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಗೆ ಬಂತು. ಇಬ್ಬರೂ ಹಾಸಿಗೆ ಹಿಡಿದರು. ಜನ ಹೊಂದಿಸಿ ನೋಡಿದರು. ಕಾರ್ಡಿನಲ್ಲಿ ಹಕ್ಕಿ ಕೂತಿದ್ದರೆ ಬದುಕು, ಹಕ್ಕಿ ಹಾರಿಹೋಗಿದ್ದರೆ ಮುಗಿಯಿತು. ಈ ಮಾತು ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಓಡಾಡಿತು. ಬೆಳಿಗ್ಗೆ ಬಾಗಿಲು ತೆಗೆಯುವ ಹೆಂಗಸರು ಮೊದಲು ಹೊಸ್ತಿಲ ಕೆಳಗೆ ನೋಡುವುದನ್ನು ನಾನೇ ಮಹಡಿಯ ಮೇಲಿನಿಂದ ನೋಡಿದ್ದೇನೆ.

ಫ್ಯಾನ್ಸಿ ಅಂಗಡಿಯವನು ಕಾರ್ಡುಗಳ ಕಟ್ಟನ್ನು ವಾಪಸು ತಂದುಕೊಟ್ಟ. ಒಳಗೆ ಬರಲಿಲ್ಲ, ಚಪ್ಪಲಿ ಬಿಡಲಿಲ್ಲ. ‘ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಯಾರೂ ಮುಟ್ಟಾಕ ಒಲ್ಲರು’ ಎಂದ. ಒಂದು ಸಂಜೆ ಯಾರೋ ಹರಿದ ಕಾರ್ಡುಗಳನ್ನು ಕಾಂಪೌಂಡಿನೊಳಗೆ ಎಸೆದು ಹೋದರು. ರಫೀಕನ ಅಂಗಡಿಗೂ ಜನ ಕಡಿಮೆಯಾದರು. ಮದುವೆ ಮನೆಗೆ ಆ ಮನೆಯ ಕಾಗದ ಬೇಡವೆಂದರಂತೆ. ಗಿರಿಜಮ್ಮ ಕೂಡ ಶಾಹೀನಾಳನ್ನು ಕಂಡರೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ರಸ್ತೆಯ ಆ ಬದಿಗೆ ಹೋಗುತ್ತಿದ್ದಳು.

ಶಾಹೀನಾಳ ಅತ್ತೆ ಒಂದು ದಿನ ಯಂತ್ರದ ಮೇಲೆ ಹಳೆ ಚಾದರ ಹೊದಿಸಿದರು. ‘ಹೊಟ್ಟೇಲಿ ಕೂಸು ಇಟ್ಕೊಂಡು ಇದೆಲ್ಲ ಬ್ಯಾಡ ಬೇಟೀ’ ಎಂದರು. ಆದರೂ ಮುಚ್ಚಿಟ್ಟ ಯಂತ್ರದಿಂದ ಮಧ್ಯಾಹ್ನದ ಹೊತ್ತು ಕರ್‌ ಎಂಬ ಸದ್ದು ಕೇಳಿದಂತಾಗಿ ನಾನು ಎರಡು ಸಲ ಮೆಟ್ಟಿಲಿಳಿದು ಬಂದಿದ್ದೇನೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಚಾದರ ಹಾಗೇ ಇತ್ತು.

ಯಾರು ಹಾಕುತ್ತಿದ್ದಾರೆ ಎಂದು ನಾನೂ ಶಾಹೀನಾಳೂ ಎಷ್ಟೋ ಮಾತಾಡಿದೆವು. ವಸಂತಕ್ಕನೂ ಪಕ್ಕದಲ್ಲೇ ಕೂತಿರುತ್ತಿದ್ದಳು, ಕೇಳಿಸಿಕೊಳ್ಳುತ್ತಿದ್ದಳು. ‘ಯಾರೋ ಏನೋ’ ಎನ್ನುತ್ತಿದ್ದಳು. ಆಮೇಲಾಮೇಲೆ ಅವಳು ಬರುವುದೂ ನಿಂತಿತು.

ಒಂದು ಶುಕ್ರವಾರ ಮಧ್ಯಾಹ್ನ ಅತ್ತೆ ಬಾಗಿಲು ಗುಡಿಸಲು ಹೋದವರು ಕೂಗಿಕೊಂಡರು. ನಾನು ಓಡಿ ಬಂದೆ. ಹೊಸ್ತಿಲ ಮೇಲೆ ಬಿಳಿ ಕಾರ್ಡು. ಶಾಹೀನಾ ನಮ್ಮಿಬ್ಬರನ್ನೂ ಸರಿಸಿ ತಾನೇ ಎತ್ತಿಕೊಂಡಳು. ಹಕ್ಕಿ ಇರಲಿಲ್ಲ. ತೂತಿನೊಳಗೆ ಬೆರಳು ತೂರಿಸಿ, ಅದರ ಅಂಚನ್ನು ಸುತ್ತಲೂ ಸವರಿದಳು. ತಾನೇ ಎಷ್ಟೋ ಸಲ ಸವರಿದ ಅಂಚು.

‘ಬುಧವಾರ ರಕ್ತ ಕೊಟ್ಟು ಬಂದಿದೀನಿ. ಇನ್ನೂ ರಿಪೋರ್ಟ್ ಬಂದಿಲ್ಲ’ ಎಂದಳು. ಅವಳಿಗೆ ಆಗ ಐದನೇ ತಿಂಗಳು ನಡೆಯುತ್ತಿತ್ತು. ಹಿಂದಿನೆರಡು ಬಸಿರೂ ಅಷ್ಟರೊಳಗೇ ಕಳೆದಿದ್ದವು. ಅತ್ತೆ ಗೋಡೆಗೆ ಒರಗಿ ಕೂತು ದುವಾ ಹೇಳತೊಡಗಿದರು.

ನಾನು ಅವಳ ಕೈಯಿಂದ ಕಾರ್ಡು ತೆಗೆದುಕೊಂಡೆ. ಆಗಲೇ ಆ ವಾಸನೆ ಬಂದದ್ದು. ಕಾಗದದ ಮಡಿಕೆಯಲ್ಲಿ ತಣ್ಣಗಿನ, ಚುಚ್ಚುವ ವಾಸನೆ. ಸ್ಪಿರಿಟ್ಟು. ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಒಬ್ಬೊಬ್ಬರೇ ನೆನಪಾದರು. ಗಿರಿಜಮ್ಮ, ಜ್ವರದ ಹುಡುಗ, ಮಾದೇವಪ್ಪ, ಮೇಷ್ಟ್ರು. ಎಲ್ಲರೂ ರಕ್ತ ಕೊಟ್ಟು ಬಂದವರು. ಅವರಿಗಿಂತ ಮೊದಲೇ ಅವರ ಸಂಗತಿ ತಿಳಿಯುವುದು ಯಾರಿಗೆ?

‘ವಸಂತಕ್ಕ’ ಎಂದೆ.

ಶಾಹೀನಾ ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟಳು. ಅತ್ತೆ ಬೇಡವೆಂದರೂ ಕೇಳಲಿಲ್ಲ. ನಾನೂ ಅವಳ ಜೊತೆ ಆನವಟ್ಟಿ ಬಸ್ಸು ಹತ್ತಿದೆ. ಶಿರಾಳಕೊಪ್ಪ ದಾಟಿದ ಮೇಲೆ ಮೋಡ ಹರಿದು, ಆ ಮಳೆಗಾಲದಲ್ಲಿ ಅಪರೂಪವಾಗಿದ್ದ ಬಿಸಿಲು ಬಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ ಅವಳು ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಕಾರ್ಡು ಅವಳ ಬ್ಯಾಗಿನಲ್ಲಿತ್ತು.

ವಸಂತಕ್ಕನ ಕೋಣೆ ಸಂತೆ ಮೈದಾನದ ಹಿಂದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವರು ನಿಂತುಬಿಟ್ಟೆವು. ಪಶ್ಚಿಮದ ಕಿಟಕಿಯ ಗಾಜಿಗೆ ನಮ್ಮ ಚೀಲದ ತೂತಿನ ಹಾಳೆಗಳನ್ನೆಲ್ಲ ಒತ್ತೊತ್ತಾಗಿ ಅಂಟಿಸಿದ್ದಳು. ಇಳಿಬಿಸಿಲು ಅವುಗಳೊಳಗಿಂದ ಬಂದು ನೆಲದ ತುಂಬ, ಗೋಡೆಯ ತುಂಬ, ಮಂಚದ ಮೇಲೆ ಬೆಳಕಿನ ಹಕ್ಕಿಗಳು. ಎಲ್ಲಕ್ಕೂ ಬಗ್ಗಿದ ಕೊಕ್ಕು. ಒಂದು ಹಕ್ಕಿ ಶಾಹೀನಾಳ ಹೊಟ್ಟೆಯ ಮೇಲೆ ಬಿದ್ದಿತ್ತು. ಅವಳು ಬೆಂಕಿ ತಗುಲಿದವಳಂತೆ ಪಕ್ಕಕ್ಕೆ ಸರಿದಳು.

‘ಬಂದ್ರಾ? ಬನ್ನಿ’ ಎಂದಳು ವಸಂತಕ್ಕ. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ನಮ್ಮನ್ನು ಕಾಯುತ್ತಿದ್ದಂತೆ ಕಂಡಳು.

ಶಾಹೀನಾ ಕಾರ್ಡನ್ನು ಅವಳ ಮುಖದೆದುರು ಹಿಡಿದಳು. ‘ನನ್ನ ಮಗೂಗೆ ಎಂತ ಆಗಿದೆ? ಬಾಯಿ ಬಿಟ್ಟು ಹೇಳು ವಸಂತಕ್ಕ. ಕಾಗದದಲ್ಲಿ ಬ್ಯಾಡ.’

‘ನಿನ್ನ ಮಗೂಗೆ ಎಂತದೂ ಆಗಿಲ್ಲ ಮಾರಾಯ್ತಿ. ನಿನ್ನ ರಿಪೋರ್ಟ್ ನಾನೇ ನೋಡಿದೀನಿ. ಎಲ್ಲ ಸರಿ ಇದೆ.’

‘ಮತ್ತೆ ಇದು?’

‘ಅದು ನಂದು.’

ನಮಗೆ ಅರ್ಥವಾಗಲಿಲ್ಲ. ಅವಳು ರವಿಕೆಯ ತೋಳನ್ನು ಮೇಲೆ ಸರಿಸಿ ತೋರಿಸಿದಳು. ಮುಂಗೈಯ ನೀಲಿ ಕಲೆಗಳು ಭುಜದವರೆಗೂ ಹಬ್ಬಿದ್ದವು.

‘ಸುಸ್ತು, ಸುಸ್ತು. ಪೆಟ್ಟಿಗೆ ಹೊತ್ತಿದ್ದಕ್ಕೆ ಅಂತ ಅಂದ್ಕೊಂಡಿದ್ದೆ. ಒಂದಿನ ಲ್ಯಾಬಲ್ಲಿ ಯಾರೂ ಇಲ್ಲದಾಗ ನಂದೇ ರಕ್ತ ತೆಗೆದು, ಗಾಜಿನ ಮೇಲೆ ಹಚ್ಚಿ ನೋಡ್ದೆ. ಇಷ್ಟು ವರ್ಷ ಅದೇ ಕೆಲಸ ಅಲ್ವಾ? ಯಾರೂ ಹೇಳೋದೇ ಬ್ಯಾಡಾಗಿತ್ತು.’

ಆಮೇಲೆ ಅವಳು ನಿಧಾನವಾಗಿ ಉಳಿದದ್ದನ್ನೆಲ್ಲ ಹೇಳಿದಳು. ‘ಎಲ್ಲರ ಸಂಗತಿ ನಂಗೆ ಮೊದಲು ಗೊತ್ತಾಗುತ್ತೆ. ಹೇಳೋ ಹಾಗಿಲ್ಲ. ಅದೇ ಬಸ್ಸಲ್ಲಿ ನನ್ನ ಪಕ್ಕ ಕೂತ್ಕೊಂಡು ಮಗಳ ಮದ್ವೆ ಮಾತಾಡ್ತಿರ್ತಾರೆ. ಅವರ ರಕ್ತ ನನ್ನ ತೊಡೆ ಮೇಲಿರುತ್ತೆ. ಗಿರಿಜಮ್ಮಂದು ನೋಡಿದ ದಿನ ತಡಿಯಕ್ಕೇ ಆಗ್ಲಿಲ್ಲ. ಒಂದು ಹಕ್ಕಿ ಅಂಟಿಸಿ ಹಾಕಿ ಬಂದೆ. ಒಳ್ಳೇದಿದ್ರೆ ಹಕ್ಕಿ ಅಂಟಿಸ್ತಿದ್ದೆ. ಮಾದೇವಣ್ಣನಂಥವರಿಗೆ ಎಂತ ಅಂಟಿಸ್ಲಿ? ಹೂವು ಇಟ್ಟು ನೋಡ್ದೆ, ಎಲೆ ಇಟ್ಟು ನೋಡ್ದೆ. ಎಲ್ಲ ಸುಳ್ಳು ಅನ್ನಿಸ್ತು. ಹಂಗೇ ಬಿಟ್ಟೆ. ಹೆದರಿಸಬೇಕು ಅಂತ ಅಲ್ಲ ಸವಿತಕ್ಕ. ಇವತ್ತಾದ್ರೂ ರಿಪೋರ್ಟ್ ತರೋಕೆ ಹೋಗ್ಲಿ, ನಾಳೆ ಅನ್ನದೆ ಇರ್ಲಿ ಅಂತ.’

‘ನಮ್ಮ ಬಾಗಿಲಿಗೆ ಯಾಕೆ ಹಾಕಿದೆ?’ ಎಂದಳು ಶಾಹೀನಾ.

‘ಎಲ್ಲರಿಗೂ ನಾನು ಹಾಕ್ತೀನಿ, ನಂಗೆ ಯಾರು ಹಾಕ್ತಾರೆ? ನಂದು ನಾನೇ ಮಾಡ್ಕೊಂಡೆ. ಇಲ್ಲಿಟ್ಕೊಂಡು ಎಂತ ಮಾಡೋದು. ಯಾರಿಗಾದ್ರೂ ಗೊತ್ತಾಗ್ಲಿ ಅನ್ನಿಸ್ತು. ನಿಮಗಾದ್ರೆ ಹುಡುಕ್ಕೊಂಡು ಬರೋಕೆ ಆಗುತ್ತೆ ಅಂತ...’

‘ನಾನು ಬಸುರಿ ಅಂತ ನೆನಪಾಗ್ಲಿಲ್ವಾ ನಿನಗೆ?’

ವಸಂತಕ್ಕ ರವಿಕೆಯ ತೋಳನ್ನು ಮತ್ತೆ ಕೆಳಗೆ ಎಳೆದುಕೊಂಡಳು. ‘ಆಗ ನೆನಪಾಗ್ಲಿಲ್ಲ’ ಎಂದಳು.

ಶಾಹೀನಾ ಹೊರಟುಬಿಡುತ್ತಾಳೆ ಎಂದುಕೊಂಡೆ. ಅವಳು ಹೋಗಿ ಕಿಟಕಿಯ ಹಾಳೆಗಳನ್ನು ಒಂದೊಂದಾಗಿ ಕಿತ್ತಳು. ಕೋಣೆಯ ತುಂಬ ಸಾದಾ ಬಿಸಿಲು ಬಂತು. ಆಮೇಲೆ ವಸಂತಕ್ಕನ ಪಕ್ಕ ಕೂತು, ಆ ಕಲೆ ಬಿದ್ದ ತೋಳಿನ ಮೇಲೆ ಕೈಯಿಟ್ಟು, ‘ಬಟ್ಟೆ ತುಂಬಿಟ್ಕೋ. ನಾಳೆ ಶಿವಮೊಗ್ಗಕ್ಕೆ ಹೋಗೋಣ’ ಎಂದಳು.

ನಾವಿಬ್ಬರೇ ವಾಪಸು ಬರುವಾಗ ನಾನು ಬಸ್ಸಿನಲ್ಲಿ ಕೇಳಿದೆ, ‘ಊರವರಿಗೆ ಹೇಳೋದಲ್ವಾ? ನಿನ್ನ ಮೇಲೆ ಬಂದಿರೋ ಮಾತು ಹೋಗುತ್ತೆ.’

‘ಹೇಳಿದ್ರೆ ಅವಳ ಕೆಲಸ ಹೋಗುತ್ತೆ ಸವಿತಕ್ಕ. ಕಾಯಿಲೆಯವಳ ಮನೆ ಬಾಗಿಲಿಗೆ ಜನ ಜಗಳಕ್ಕೆ ಬರ್ತಾರೆ. ಬ್ಯಾಡ. ನನ್ನನ್ನ ಏನು ಬೇಕಾದ್ರೂ ಅನ್ಕೊಳ್ಲಿ.’ ಗಂಡನಿಗೂ ಅತ್ತೆಗೂ ಮಾತ್ರ ಹೇಳಿದಳು. ಅತ್ತೆ ಬೈದರು, ಅತ್ತರು, ಮಾರನೆಯ ದಿನ ವಸಂತಕ್ಕನಿಗೆ ಗಂಜಿ ಕಟ್ಟಿ ಕೊಟ್ಟರು.

ರಕ್ತದ ಕ್ಯಾನ್ಸರ್ ಎಂದು ಶಿವಮೊಗ್ಗದಿಂದ ಮಂಗಳೂರಿಗೆ ಕಳಿಸಿದರು. ರಫೀಕ್ ಮೂರ್ನಾಲ್ಕು ಸಲ ಕರೆದುಕೊಂಡು ಹೋಗಿ ಬಂದ. ನಡುವೆ ಅವಳು ಶಾಹೀನಾಳ ಮನೆಯಲ್ಲೇ ಇದ್ದಳು, ತಲೆಗೆ ಬಟ್ಟೆ ಸುತ್ತಿಕೊಂಡು ಅದೇ ಮೇಜಿನ ಪಕ್ಕ. ಶಾಹೀನಾಳಿಗೆ ಹೆಣ್ಣುಮಗು ಹುಟ್ಟಿದಾಗ ಅದನ್ನು ಎತ್ತಿಕೊಂಡು ನೋಡಿದಳು. ಎದೆಗೆ ಒತ್ತಿಕೊಳ್ಳಲು ಮಾತ್ರ ಹೆದರಿದಳು. ಬೇಸಿಗೆ ಶುರುವಾಗುವ ಮೊದಲೇ ಹೋದಳು. ಅಂಬ್ಲಿಗೊಳದ ಕಡೆಯಿಂದ ಅವಳ ಅಣ್ಣನೊಬ್ಬ ಬಂದು ದೇಹ ಒಯ್ದ. ಕಾಲೇಜಿನ ಅವಧಿ ಮುಗಿದು ನಾನೂ ತುಮಕೂರಿಗೆ ಬಂದೆ.

ಹೋದ ವರ್ಷ ಶಿಕಾರಿಪುರಕ್ಕೆ ಹೋಗಿದ್ದೆ. ಶಾಹೀನಾಳ ಮಗಳು ಶಾಲೆಗೆ ಹೋಗುತ್ತಾಳೆ. ಯಂತ್ರದ ಮೇಲೆ ಚಾದರವಿಲ್ಲ, ಕಾರ್ಡುಗಳು ಮತ್ತೆ ಮಾರಾಟವಾಗುತ್ತಿವೆ. ಆದರೆ ಹಕ್ಕಿಯದು ಮಾಡುವುದಿಲ್ಲ. ಆ ಡೈಯನ್ನು ಏನು ಮಾಡಿದೆ ಎಂದು ನಾನು ಕೇಳಲಿಲ್ಲ.

‘ವಸಂತಕ್ಕ ಹೋದ ಮೇಲೂ ಆನವಟ್ಟಿಯಲ್ಲಿ ಒಂದೆರಡು ಮನೆಗೆ ಕಾರ್ಡು ಬಂದಿದ್ವಂತೆ’ ಎಂದಳು ಶಾಹೀನಾ, ಚಹಾ ಸೋಸುತ್ತ. ‘ಜನ ಏನಾದ್ರೂ ಹೇಳ್ತಾರೆ. ನಾನು ನೋಡೋಕೆ ಹೋಗ್ಲಿಲ್ಲ.’

ಚಹಾ ಕುಡಿಯುತ್ತಿರುವಾಗ ಬಾಗಿಲಲ್ಲಿ ನೆರಳು ಕಂಡಿತು. ಟವೆಲು ಹೆಗಲಿಗೆ ಹಾಕಿದ್ದ ಒಬ್ಬ ಮುದುಕ. ಒಳಗೆ ಬರದೆ ಹೊಸ್ತಿಲಾಚೆಗೇ ನಿಂತಿದ್ದ.

‘ಯವ್ವಾ, ನಾಳೆ ಶಿವಮೊಗ್ಗಕ್ಕ ತೋರಸಾಕ ಹೊಂಟೀನಿ. ನಮ್ಮ ಮನಿಗೆ ಏನರ ಬರೂದು ಐತೇನ್ರಿ?’

ಶಾಹೀನಾ ಲೋಟ ಕೆಳಗಿಟ್ಟು ಎದ್ದು ಹೋದಳು. ಅವನ ಮುಖವನ್ನು ಒಂದಿಷ್ಟು ಹೊತ್ತು ನೋಡಿ, ‘ಏನಿಲ್ಲಜ್ಜಾ, ಆರಾಮಾಗಿ ಹೋಗಿ ಬಾ’ ಎಂದಳು. ಅವನು ಕೈಮುಗಿದು, ಬಂದದ್ದಕ್ಕಿಂತ ನೆಟ್ಟಗೆ ನಡೆದು ಹೋದ.

‘ವಾರಕ್ಕೆ ಒಬ್ರಿಬ್ರು ಬಂದೇ ಬರ್ತಾರೆ’ ಎಂದಳು. ‘ಮೊದ್ಲು ಬಂದಿದ್ದು ಮಾದೇವಪ್ಪನವರ ಹೆಂಡತಿ. ನಂಗೇನೂ ಗೊತ್ತಿಲ್ಲ ಅಂದ್ರೆ ಅಳೋಕೆ ಶುರು ಮಾಡಿದ್ರು. ಆಮೇಲಿಂದ ಎಲ್ಲರಿಗೂ ಹಿಂಗೇ ಹೇಳಿ ಕಳಿಸ್ತೀನಿ.’

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿ, ತಿರುಗಿ ನಿಂತೆ. ಎಲ್ಲ ಗೊತ್ತಿದ್ದವಳು ನಾನು. ಆ ಕೋಣೆ, ಆ ಕಿಟಕಿ, ಎಲ್ಲ ಕಣ್ಣಾರೆ ನೋಡಿದವಳು. ಆದರೂ ಬಾಯಿಂದ ಮಾತು ಬಂದೇಬಿಟ್ಟಿತು.

‘ನನಗೇನಾದ್ರೂ ಇದೆಯಾ ಶಾಹೀನಾ?’

ನಗುತ್ತಲೇ ಕೇಳಿದ್ದೆ. ಅವಳು ನಗಲಿಲ್ಲ. ಮುದುಕನ ಮುಖ ನೋಡಿದ ಹಾಗೆಯೇ ನನ್ನ ಮುಖವನ್ನೂ ನೋಡಿದಳು.

‘ನೀವೂನಾ ಅಕ್ಕಾ?’ ಎಂದಳು.

ಅವನಿಗೆ ಹೇಳಿದ ಮಾತನ್ನು ನನಗೂ ಹೇಳಲಿ ಎಂದು ನಾನು ಅಲ್ಲೇ ನಿಂತಿದ್ದೆ. ಒಳಗಿಂದ ಮಗಳು ಕರೆದಳು. ಶಾಹೀನಾ ಒಳಗೆ ಹೋದಳು.